ಹಳೇ ಟಿವಿ ಹೋಯ್ತು, ಲೈಟ್‌ಗನ್ ಕುರುಡಾಯ್ತು

ಹಳೇ ವಿಡಿಯೊ ಗೇಮ್ ಕನ್ಸೋಲ್ ಒಂದರ ಧೂಳು ಒರೆಸಿ ಹೊಸ ಎಲ್‌ಇಡಿ ಟಿವಿಗೆ ಜೋಡಿಸಿ ನೋಡಿ. ಸಂಗೀತ ಬರುತ್ತದೆ, ಡಕ್ ಹಂಟ್ ಎಂಬ ಬೇಟೆ ಆಟದ ಬಾತುಕೋಳಿಗಳೂ ಹಾರುತ್ತವೆ. ಆದರೆ ಲೈಟ್‌ಗನ್, ಅಂದರೆ ಪರದೆಯತ್ತ ಗುರಿಯಿಟ್ಟು ಆಡುವ ಆಟದ ಗನ್, ಹಿಡಿದು ಎಷ್ಟು ಸಲ ಟ್ರಿಗರ್ ಒತ್ತಿದರೂ ಒಂದೂ ಬೀಳುವುದಿಲ್ಲ. ಗನ್ ಕೆಟ್ಟಿಲ್ಲ. ಟಿವಿ ಬದಲಾಗಿದೆ, ಅಷ್ಟೇ.

ಮನೆಯ ಲೈಟ್‌ಗನ್‌ನಿಂದ ಬೆಳಕು ಹೊರಗೆ ಹೋಗುವುದಿಲ್ಲ, ಪರದೆಯ ಬೆಳಕೇ ಅದರ ನಳಿಗೆಯೊಳಗೆ ಬರುತ್ತದೆ. ಮೊದಲು ಹೀಗಿರಲಿಲ್ಲ. 1936ರಲ್ಲಿ ಸೀಬರ್ಗ್ ಕಂಪನಿ ತಂದ ರೇ-ಒ-ಲೈಟ್ ಎಂಬ ಕಾಸು ಹಾಕಿ ಆಡುವ ಯಂತ್ರದಲ್ಲಿ ಗನ್ ಬೆಳಕು ಬಿಡುತ್ತಿತ್ತು, ಗುರಿಯಲ್ಲಿದ್ದ ಬೆಳಕು ಗುರುತಿಸುವ ಟ್ಯೂಬ್ ಅದನ್ನು ಹಿಡಿಯುತ್ತಿತ್ತು. ಮನೆಯ ಟಿವಿಗೆ ಅಂಥ ಕಣ್ಣಿಲ್ಲ ಅಲ್ವಾ? ಅದಕ್ಕೇ ಕಣ್ಣನ್ನು ಗನ್‌ನೊಳಗೇ ಇಟ್ಟರು.

1972ರ ಮ್ಯಾಗ್ನವಾಕ್ಸ್ ಒಡಿಸ್ಸಿ ಕನ್ಸೋಲ್‌ನ ಕೋವಿಗೆ ಬೆಳಕು ಕಂಡರೆ ಸಾಕಿತ್ತು. ಬಲ್ಬಿನತ್ತ ಹಿಡಿದರೂ ಗುರಿ ತಾಗಿದ ಲೆಕ್ಕ! ಡಕ್ ಹಂಟ್ ಈ ಕಳ್ಳಾಟವನ್ನು ಜಾಣತನದಿಂದ ತಡೆಯಿತು. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಆಮೇಲೆ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಮಾತ್ರ ಏಟು ತಾಗಿದ ಹಾಗೆ. ಎರಡು ಹಕ್ಕಿ ಇದ್ದರೆ ಚೌಕಗಳು ಒಂದಾದ ಮೇಲೊಂದು ಬರುತ್ತವೆ. ಯಾವುದು ಬಂದಾಗ ಬೆಳಕು ಕಂಡಿತೋ ಆ ಹಕ್ಕಿ ಬೀಳುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ.

ಆರ್ಕೇಡ್‌ನ, ಅಂದರೆ ಕಾಸು ಹಾಕಿ ಆಡುವ ಗೇಮ್ ಅಂಗಡಿಯ, ನಿಜವಾದ ರುಚಿ ಮನೆಗೆ ಬಂದಿದ್ದು ನಾಮ್ಕೋ ಕಂಪನಿಯ ಗನ್‌ಕಾನ್ ಎಂಬ ಲೈಟ್‌ಗನ್‌ನಿಂದ ಎನ್ನುವುದು ನನ್ನ ಲೆಕ್ಕ. 1995ರಲ್ಲಿ ಆರ್ಕೇಡ್‌ಗೆ ಬಂದ ಟೈಮ್ ಕ್ರೈಸಿಸ್ ಎಂಬ ಶೂಟಿಂಗ್ ಆಟ 1997ರಲ್ಲಿ ಪ್ಲೇಸ್ಟೇಷನ್‌ ಕನ್ಸೋಲ್‌ಗೆ ಬಂದಾಗ ಜೊತೆಗೆ ಈ ಗನ್ನೂ ಬಂತು. ಹಳೇ ಸಿಆರ್‌ಟಿ ಟಿವಿಯಲ್ಲಿ ಒಂದು ಎಲೆಕ್ಟ್ರಾನ್ ಕಿರಣ ಗೆರೆ ಗೆರೆಯಾಗಿ, ಮೇಲಿಂದ ಕೆಳಗೆ ಚಿತ್ರ ಬರೆಯುತ್ತದೆ. ಗನ್‌ಕಾನ್‌ನ ಒಂದು ವೈರು ಟಿವಿಗೆ ಹೋಗುವ ವಿಡಿಯೊ ಕೇಬಲ್‌ಗೂ ಸೇರುತ್ತಿತ್ತು. ಕಿರಣ ಯಾವಾಗ ಹೊರಟಿತು, ಗನ್ನಿಗೆ ಯಾವಾಗ ಕಂಡಿತು ಎಂಬ ವ್ಯತ್ಯಾಸದಿಂದಲೇ ಗುರಿಯ ಜಾಗ ಗೊತ್ತಾಗುತ್ತಿತ್ತು. ಆರ್ಕೇಡ್‌ನಲ್ಲಿ ಅಡಗಿ ಏಳಲು ಕಾಲಡಿ ಪೆಡಲ್ ಇತ್ತು. ಮನೆಯಲ್ಲಿ ಆ ಕೆಲಸ ಗನ್ನಿನ ಬಟನ್‌ಗೆ ಬಿತ್ತು. ಸ್ವಲ್ಪ ಸಪ್ಪೆ, ನಿಜ.

ಎಲ್‌ಸಿಡಿ ಬಂದ ಮೇಲೆ (ಎಲ್‌ಇಡಿ ಟಿವಿಯೂ ಅದೇ ಜಾತಿ) ಆ ಕಿರಣವೇ ಇಲ್ಲ. ಅದರ ಮೇಲೆ, ಚಿತ್ರವನ್ನು ಚಂದ ಮಾಡಲು ಟಿವಿ ಒಂದಿಷ್ಟು ಹೊತ್ತು ತಗೊಳ್ಳುತ್ತದೆ. ಗನ್ ಕಾಯುವ ಕ್ಷಣದಲ್ಲಿ ಕಾಯುವ ಬೆಳಕು ಬರುವುದೇ ಇಲ್ಲ.

ಆಮೇಲೆ ದಾರಿ ಬದಲಾಯಿತು. 2006ರ ನಿಂಟೆಂಡೊ ವೀ ಕನ್ಸೋಲ್ ಜೊತೆ ಸೆನ್ಸರ್ ಬಾರ್ ಎಂಬ ಪಟ್ಟಿ ಬಂತು. ತಮಾಷೆ ಎಂದರೆ ಅದರಲ್ಲಿ ಸೆನ್ಸರ್ರೇ ಇಲ್ಲ, ಇರುವುದು ಇನ್‌ಫ್ರಾರೆಡ್ ದೀಪಗಳು. ಅವನ್ನು ನೋಡುವ ಕ್ಯಾಮೆರಾ ರಿಮೋಟ್‌ನಲ್ಲಿದೆ. ಆಟ ಚೆನ್ನಾಗೇ ನಡೆಯುತ್ತದೆ, ಆದರೆ ನಳಿಗೆಯ ನೇರಕ್ಕೆ ಗುರಿ ಇಡುವ ಬದಲು ಪರದೆಯ ಮೇಲಿನ ಚುಕ್ಕೆಯನ್ನು ಓಡಿಸಿದ ಹಾಗಿರುತ್ತದೆ. ಗನ್‌ಕಾನ್ 3 ಕೂಡ ಟಿವಿಯ ಪಕ್ಕ ಇಡುವ ಇನ್‌ಫ್ರಾರೆಡ್ ದೀಪಗಳನ್ನೇ ನಂಬಿತ್ತು.

ಆ ನೇರ ಗುರಿಯನ್ನು ಮರಳಿ ತಂದಿದ್ದು ಸಿಂಡೆನ್ ಲೈಟ್‌ಗನ್. ಚಿತ್ರದ ಸುತ್ತ ಬಿಳಿ ಅಂಚು ಹಾಕುತ್ತಾರೆ. ಗನ್ನಿನ ಕ್ಯಾಮೆರಾ ಆ ಚೌಕಟ್ಟು ನೋಡಿ ಗುರಿ ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಆದರೆ ಹಳೇ ಕನ್ಸೋಲ್‌ಗೆ ಅದರದ್ದೇ ಹಳೇ ಗನ್ ಸಿಕ್ಕಿಸಿ ಆಡಬೇಕೆಂದರೆ ಇವತ್ತಿಗೂ ಆ ದಪ್ಪ ಸಿಆರ್‌ಟಿಯೇ ಬೇಕು. ಎತ್ತಿಡಲು ಇಬ್ಬರು ಬೇಕಾದರೂ ಜನ ಅದನ್ನು ಹುಡುಕಿಕೊಂಡು ಹೋಗುವುದು ಸುಮ್ನೆ ಅಲ್ಲ.