ಎಂಟು ಹಾಡೋ, ಹತ್ತು ಹಾಡೋ?

ಎಫ್‌ಎಂ ಕೇಂದ್ರಗಳ ಮೇಲೆ ಕೇಳುಗರ ದೊಡ್ಡ ದೂರು ಒಂದೇ: ‘ಹಾಕಿದ ಹಾಡನ್ನೇ ಹಾಕುತ್ತಾರೆ.’ ಹಾಡುಪಟ್ಟಿ ಹೊಂದಿಸುವುದೇ ಕಸುಬಾದ ನನಗೆ ಇದರಲ್ಲಿ ಅರ್ಧ ಸತ್ಯ ಕಾಣುತ್ತದೆ. ಗೊತ್ತಿರುವ ಹಾಡು ಬಂದರೆ ಜನ ನಿಲ್ಲುತ್ತಾರೆ. ಎಂದೂ ಕೇಳದ ಹಾಡು ಸಾಲಾಗಿ ಎರಡು ಬಂದರೆ ಕೈ ತಾನಾಗಿ ಬೇರೆ ಕೇಂದ್ರಕ್ಕೆ ಹೋಗುತ್ತದೆ. ಬೇಸರ ತರಿಸುವುದು ಹಾಡು ಮತ್ತೆ ಬರುವುದಲ್ಲ, ದಿನವೂ ಅದೇ ಹೊತ್ತಿಗೆ ಬರುವುದು.

ಲೆಕ್ಕ ನೋಡಿ. ಹೊಸ ಹಾಡುಗಳ ಪಟ್ಟಿಯಲ್ಲಿ 8 ಇದ್ದು, ಗಂಟೆಗೆ 2ರಂತೆ ಹಗಲೂ ರಾತ್ರಿ ಸರದಿಯಲ್ಲಿ ಹಾಕಿದರೆ ಒಂದೊಂದೂ 4 ಗಂಟೆಗೊಮ್ಮೆ ಬರುತ್ತದೆ. 24ನ್ನು 4ರಿಂದ ಭಾಗಿಸಿದರೆ ಶೇಷವೇ ಉಳಿಯುವುದಿಲ್ಲ. ಸೋಮವಾರ ಬೆಳಿಗ್ಗೆ 9ಕ್ಕೆ ಬಂದ ಹಾಡು ಮಂಗಳವಾರವೂ 9ಕ್ಕೆ, ಬುಧವಾರವೂ 9ಕ್ಕೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಬಳಿ ದಿನವೂ ಅದೇ ಹೊತ್ತಿಗೆ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವವರಿಗೆ ಆ ಕೇಂದ್ರದಲ್ಲಿ ಬೇರೆ ಹಾಡೇ ಇಲ್ಲವೆನಿಸುತ್ತದೆ. ಪಟ್ಟಿಗೆ ಇನ್ನೆರಡು ಸೇರಿಸಿದರೆ ಸರದಿ 5 ಗಂಟೆಯಾಗುತ್ತದೆ. ಅದೇ ಹಾಡು ಮಂಗಳವಾರ 10ಕ್ಕೆ, ಬುಧವಾರ 11ಕ್ಕೆ ಜಾರುತ್ತದೆ. ಮತ್ತೆ ಬೆಳಿಗ್ಗೆ 9ಕ್ಕೆ ಸಿಗುವುದು ಶನಿವಾರ. ಪಟ್ಟಿಯನ್ನು ಈಗ ತಂತ್ರಾಂಶವೇ ಹೆಣೆಯುತ್ತದೆ, ನಿಜ. ಆದರೆ ವಾರದ ಪಟ್ಟಿಯನ್ನು ಪಕ್ಕಪಕ್ಕ ಹರಡಿಕೊಂಡು ಅಡ್ಡಲಾಗಿ ಓದುವ ಮನುಷ್ಯರ ಕಣ್ಣು ಬೇಕೇ ಬೇಕು.

ಫೋನ್ ಮಾಡಿ ಹಾಡು ಕೇಳುವವರನ್ನಷ್ಟೇ ನಂಬಿದರೂ ದಾರಿ ತಪ್ಪುತ್ತದೆ. ಬಹುಪಾಲು ಕೇಳುಗರು ಎಂದೂ ಫೋನ್ ಮಾಡುವುದಿಲ್ಲ. ಅವರಿಗೆ ಹಾಡಿನ ಕೆಲವೇ ಸೆಕೆಂಡುಗಳ ತುಣುಕು ಕೇಳಿಸಿ ನಾವು ವಿಚಾರಿಸುವುದು ಇಷ್ಟೇ: ಗೊತ್ತೇ, ಇಷ್ಟವೇ, ಕೇಳಿ ಕೇಳಿ ಸಾಕಾಗಿದೆಯೇ? ಕೊನೆಯದಕ್ಕೆ ‘ಹೌದು’ ಹೆಚ್ಚಾದರೆ ಎಷ್ಟೇ ದೊಡ್ಡ ಹಾಡಾದರೂ ಕೆಲವು ತಿಂಗಳು ಪಕ್ಕಕ್ಕಿಡಬೇಕು.

ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೋ ಸಿಟಿ 2001ರ ಜುಲೈಯಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಆಮೇಲೆ ಕೇಂದ್ರಗಳು ಒಂದರ ಹಿಂದೊಂದು ಬಂದವು. ಸ್ವಂತ ಸುದ್ದಿ ಬಿತ್ತರಿಸಲು ಖಾಸಗಿ ಕೇಂದ್ರಗಳಿಗೆ ಅನುಮತಿ ಇಲ್ಲ; ಹಾಡು ಮತ್ತು ಹರಟೆಯಲ್ಲೇ ದಿನ ತುಂಬಿಸಬೇಕು. ಹೀಗಿರುವಾಗ 1957ರಿಂದ ನಡೆದುಬಂದ ಆಕಾಶವಾಣಿಯ ವಿವಿಧ ಭಾರತಿಯ ಒಂದು ಒಳ್ಳೆಯ ಪದ್ಧತಿಯನ್ನು ಖಾಸಗಿ ಕೇಂದ್ರದವರಾದ ನಾವು ಕೈಬಿಟ್ಟಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಅಲ್ಲಿ ಹಾಡಿನ ಜೊತೆ ಚಿತ್ರ, ಗಾಯಕರು, ಗೀತರಚನೆಕಾರರು, ಸಂಗೀತ ನಿರ್ದೇಶಕರ ಹೆಸರು ಹೇಳುತ್ತಾರೆ. ಹತ್ತು ಸೆಕೆಂಡಿನ ಕೆಲಸ. ನಾವು ಹೇಳದಿದ್ದರೆ ಕೇಳುಗರು ಹೆಸರು ಹುಡುಕಲು ಮೊಬೈಲ್ ತೆರೆಯುತ್ತಾರೆ, ಅಲ್ಲಿನ ಆ್ಯಪ್‌ನಲ್ಲೇ ಉಳಿದುಬಿಡುತ್ತಾರೆ. ಅದಕ್ಕೇ ನಿರೂಪಕರಿಗೆ ಪದೇ ಪದೇ ಹೇಳುತ್ತೇನೆ: ಹಾಡು ಮುಗಿದೊಡನೆ ಮೊದಲು ಹೆಸರುಗಳು, ಹರಟೆ ಆಮೇಲೆ.