ಆಂಟೆನಾಗೆ ಡಿಜಿಟಲ್ ಗೊತ್ತಿಲ್ಲ

‘ಡಿಜಿಟಲ್ ಆಂಟೆನಾ’, ‘ಫೋರ್‌ಕೆ ಆಂಟೆನಾ’, ‘200 ಕಿಲೋಮೀಟರ್ ರೇಂಜ್’. ಟಿವಿ ಆಂಟೆನಾದ ಪೆಟ್ಟಿಗೆಯ ಮೇಲೆ ಹೀಗೆಲ್ಲ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಮೂರೂ ಬುರುಡೆ. ಆಂಟೆನಾ ಅಂದರೆ ಒಂದಿಷ್ಟು ಲೋಹದ ಕಡ್ಡಿ. ರೇಡಿಯೊ ಅಲೆ ಬಂದು ಅದರೊಳಗಿನ ಎಲೆಕ್ಟ್ರಾನುಗಳನ್ನು ಅತ್ತಿತ್ತ ಓಡಾಡಿಸುತ್ತದೆ, ಅಷ್ಟೇ. ಆ ಅಲೆಯ ಮೇಲೆ ಹಳೇ ಕಾಲದ ಅನಲಾಗ್ ಚಿತ್ರ ಕೂತಿದೆಯೋ, ಸೊನ್ನೆ-ಒಂದುಗಳ ಸಾಲು ಕೂತಿದೆಯೋ ಕಡ್ಡಿಗೆ ಗೊತ್ತೂ ಇಲ್ಲ, ಬೇಕಾಗೂ ಇಲ್ಲ. ಅಟ್ಟದಲ್ಲಿ ಬಿದ್ದಿರುವ ಮೂವತ್ತು ವರ್ಷದ ಆಂಟೆನಾ ತುಕ್ಕು ಹಿಡಿದಿಲ್ಲ, ಬ್ಯಾಂಡ್ (ಚಾನೆಲ್ ಬರುವ ಫ್ರೀಕ್ವೆನ್ಸಿಗಳ ಸಾಲು) ಹೊಂದುತ್ತದೆ ಎಂದಾದರೆ ಇವತ್ತಿನ ಎಚ್‌ಡಿ ಚಾನೆಲ್ಲನ್ನೂ ಆರಾಮಾಗಿ ಹಿಡಿಯುತ್ತದೆ.

ಆಂಟೆನಾಗೆ ಗೊತ್ತಿರುವುದು ಅಲೆಯ ಉದ್ದ ಮಾತ್ರ. 300ನ್ನು ಮೆಗಾಹರ್ಟ್ಸ್‌ ಲೆಕ್ಕದ ಫ್ರೀಕ್ವೆನ್ಸಿಯಿಂದ ಭಾಗಿಸಿ. ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 600 ಮೆಗಾಹರ್ಟ್ಸ್‌ನ ಯುಎಚ್‌ಎಫ್ (ಹೆಚ್ಚಿನ ಫ್ರೀಕ್ವೆನ್ಸಿಯ ಬ್ಯಾಂಡ್) ಚಾನೆಲ್ಲಿಗೆ 50 ಸೆಂಟಿಮೀಟರ್. ಅದರ ಅರ್ಧಕ್ಕಿಂತ, ಅಂದರೆ 25 ಸೆಂಟಿಮೀಟರಿಗಿಂತ, ಒಂದು ಚೂರು ಗಿಡ್ಡ ಇರುವ ಕಡ್ಡಿಗೆ ಆ ಚಾನೆಲ್ ಚೆನ್ನಾಗಿ ಒಗ್ಗುತ್ತದೆ. 200 ಮೆಗಾಹರ್ಟ್ಸ್‌ನ ವಿಎಚ್‌ಎಫ್ (ಕಡಿಮೆ ಫ್ರೀಕ್ವೆನ್ಸಿಯ ಬ್ಯಾಂಡ್) ಚಾನೆಲ್ಲಿಗೆ ಮುಕ್ಕಾಲು ಮೀಟರ್ ಕಡ್ಡಿ ಬೇಕು. ಗೋಡೆಗೆ ಅಂಟಿಸುವ ಹಾಳೆಯಂಥ ಆಂಟೆನಾ ಯುಎಚ್‌ಎಫ್‌ಗೆ ಪರವಾಗಿಲ್ಲ, ವಿಎಚ್‌ಎಫ್‌ನಲ್ಲಿ ಒದ್ದಾಡುವುದು ಇದಕ್ಕೇ. ಹಾಗಾಗಿ ಕೊಳ್ಳುವ ಮೊದಲು ನಿಮ್ಮ ಕಡೆಯ ಟವರ್ ಯಾವ ಬ್ಯಾಂಡಿನಲ್ಲಿ ಬಿಡುತ್ತಿದೆ ಅಂತ ನೋಡಿಕೊಳ್ಳಿ. ಪರದೆಯಲ್ಲಿ ಕಾಣುವ ಚಾನೆಲ್ ನಂಬರ್ ನಂಬಬೇಡಿ. ಎಷ್ಟೋ ಕಡೆ ಅದು ಸುಮ್ನೆ ಹೆಸರಿಗೆ ಇರುವ ನಂಬರ್, ನಿಜವಾದ ಫ್ರೀಕ್ವೆನ್ಸಿ ಬೇರೆಯೇ ಇರುತ್ತದೆ.

ಇನ್ನು ಆ 200 ಕಿಲೋಮೀಟರ್ ವಿಚಾರ. ಭೂಮಿ ದುಂಡಗಿದೆ, ಟಿವಿಯ ಅಲೆ ಹೆಚ್ಚುಕಮ್ಮಿ ನೇರ ಹೋಗುತ್ತದೆ. ಹವೆ ಅದನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸುವುದನ್ನೂ ಸೇರಿಸಿದರೆ ಲೆಕ್ಕ ಹೀಗೆ: ಮೀಟರಿನಲ್ಲಿರುವ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿ, ದೂರ ಕಿಲೋಮೀಟರಿನಲ್ಲಿ ಬರುತ್ತದೆ. ಟವರಿಗೊಮ್ಮೆ, ನಿಮ್ಮ ಆಂಟೆನಾಗೊಮ್ಮೆ ಮಾಡಿ ಕೂಡಿಸಬೇಕು. 150 ಮೀಟರ್ ಟವರಿಗೆ 50 ಕಿಲೋಮೀಟರ್, 10 ಮೀಟರ್ ಎತ್ತರದ ಆಂಟೆನಾಗೆ 13. ಒಟ್ಟು 63. ಆಂಟೆನಾವನ್ನು 3 ಮೀಟರಿಗೆ ಇಳಿಸಿದರೆ 57. ಅಪರೂಪಕ್ಕೆ ಹವೆಯ ಪದರಗಳು ಒಂದರ ಮೇಲೊಂದು ಕೂತು ಅಲೆಯನ್ನು ನೂರಾರು ಕಿಲೋಮೀಟರ್ ಸಾಗಿಸುವುದುಂಟು. ಅದನ್ನೇ ನಂಬಿ ದುಡ್ಡು ಕೊಡೋಕಾಗುತ್ತಾ? ಟವರ್ ಭೂಮಿಯ ಉಬ್ಬಿನ ಆಚೆ ಇದ್ದರೆ, ಎತ್ತರ ಕೊಡುವ ಲಾಭವನ್ನು ಯಾವ ಪೆಟ್ಟಿಗೆಯ ಬರಹವೂ ಕೊಡುವುದಿಲ್ಲ.

ನನಗೆ ಬಹಳ ಇಷ್ಟವಾದ ಸಂಗತಿ ಮಾತ್ರ ಬೇರೆ. ಮನೆಗಳ ಮೇಲೆ ಮೀನಿನ ಮೂಳೆಯ ಹಾಗೆ ಕಾಣುವ ಆಂಟೆನಾ ನೋಡಿದ್ದೀರಲ್ವಾ? ಅಷ್ಟೊಂದು ಕಡ್ಡಿಗಳಲ್ಲಿ ಕೇಬಲ್ ಸೇರುವುದು ಒಂದೇ ಒಂದಕ್ಕೆ. ಉಳಿದವಕ್ಕೆ ತಂತಿಯೇ ಇಲ್ಲ! ಹಾಗಾದರೆ ಅವು ಅಲ್ಲೇನು ಮಾಡುತ್ತಿವೆ?

ಅಲೆ ಬಂದಾಗ ತಂತಿಯಿಲ್ಲದ ಕಡ್ಡಿಯಲ್ಲೂ ಕರೆಂಟ್ ಹುಟ್ಟುತ್ತದೆ. ಆ ಕರೆಂಟ್ ಮತ್ತೆ ತನ್ನದೇ ಒಂದು ಅಲೆಯನ್ನು ಹೊರಗೆ ಬಿಡುತ್ತದೆ. ಕಡ್ಡಿ ಸ್ವಲ್ಪ ಉದ್ದ ಇದ್ದರೆ ಈ ಕರೆಂಟ್ ತುಸು ತಡವಾಗಿ ಏರುತ್ತದೆ, ಗಿಡ್ಡ ಇದ್ದರೆ ತುಸು ಬೇಗ. ಉಯ್ಯಾಲೆ ತಳ್ಳುವುದನ್ನು ನೆನಪಿಸಿಕೊಳ್ಳಿ. ಅದು ಮುಂದಕ್ಕೆ ಹೊರಟ ಗಳಿಗೆಗೆ ಸರಿಯಾಗಿ ಕೈ ಕೊಟ್ಟರೆ ಜೀಕು ಏರುತ್ತದೆ, ಹಿಂದಕ್ಕೆ ಬರುವಾಗ ಕೊಟ್ಟರೆ ನಿಂತೇ ಹೋಗುತ್ತದೆ. ಇಲ್ಲೂ ಅಷ್ಟೇ. ಮುಂದಿನ ಗಿಡ್ಡ ಕಡ್ಡಿಗಳು ಮತ್ತು ಹಿಂದಿನ ಉದ್ದ ಕಡ್ಡಿ ಬಿಡುವ ಅಲೆಗಳು, ಟವರಿನ ದಿಕ್ಕಿನಿಂದ ಬಂದ ಸಿಗ್ನಲ್ಲಿಗೆ ಕೇಬಲ್ ಸೇರಿರುವ ನಡುವಿನ ಕಡ್ಡಿಯಲ್ಲಿ ಹೊತ್ತಿಗೆ ಸರಿಯಾಗಿ ಕೈಗೂಡಿಸುತ್ತವೆ. ಬೆನ್ನ ಕಡೆಯಿಂದ ಬಂದದ್ದಕ್ಕೆ ಎದುರಾಗಿ ನಿಂತು ಅದನ್ನು ಅಳಿಸುತ್ತವೆ. ಕರೆಂಟ್ ಕೊಡಬೇಕಿಲ್ಲ, ತಿರುಗಿಸುವ ಭಾಗವಿಲ್ಲ. ಬರೀ ಉದ್ದ ಮತ್ತು ಅಂತರದ ಲೆಕ್ಕದಲ್ಲೇ ಒಂದು ದಿಕ್ಕಿಗೆ ಕಿವಿ ಚುರುಕಾಗಿ, ಇನ್ನೊಂದು ದಿಕ್ಕಿಗೆ ಕಿವುಡಾಗುತ್ತದೆ. ನಿಮಗೆ ಗೊತ್ತಿರಬೇಕಾದದ್ದು ಇಷ್ಟು: ಗಿಡ್ಡ ಕಡ್ಡಿಗಳ ತುದಿ ಟವರಿನ ಕಡೆ. ಉಲ್ಟಾ ಕಟ್ಟಿದ ಆಂಟೆನಾಗಳು ಬೇಕಾದಷ್ಟಿವೆ. ಟವರ್ ಮಲಗಿದ (ಅಡ್ಡಡ್ಡ ಕಂಪಿಸುವ) ಅಲೆ ಬಿಡುತ್ತಿದ್ದರೆ ಕಡ್ಡಿಗಳೂ ಮಲಗಿರಬೇಕು, ನಿಂತ ಅಲೆ ಬಿಡುತ್ತಿದ್ದರೆ ನಿಂತಿರಬೇಕು.

ಈ ಮೀನಿನ ಮೂಳೆಯಂಥ ಆಂಟೆನಾ ಕಂಡುಹಿಡಿದದ್ದು 1920ರ ದಶಕದ ಜಪಾನಿನಲ್ಲಿ, ಸೆಂಡಾಯ್ ಊರಿನ ತೊಹೊಕು ವಿಶ್ವವಿದ್ಯಾಲಯದಲ್ಲಿ. ಪ್ರಯೋಗದ ಬಹುಪಾಲು ಕೆಲಸ ಶಿಂಟಾರೊ ಉಡಾ ಅವರದ್ದು. ಪ್ರೊಫೆಸರ್ ಹಿಡೆಟ್ಸುಗು ಯಾಗಿ 1928ರಲ್ಲಿ ಇಂಗ್ಲಿಷಿನಲ್ಲಿ ಲೇಖನ ಬರೆದರು. ಅದರಲ್ಲಿ ಉಡಾ ಅವರ ಕೆಲಸವನ್ನು ಹೇಳಿದ್ದರೂ ಲೋಕದ ಬಾಯಲ್ಲಿ ಉಳಿದದ್ದು ಯಾಗಿ ಹೆಸರೊಂದೇ. ಜಪಾನಿನ ಸೇನೆಗೆ ಇದರ ಕಡೆ ಗಮನವೇ ಇರಲಿಲ್ಲ. 1942ರಲ್ಲಿ ಸಿಂಗಪುರ ಹಿಡಿದಾಗ ಅವರಿಗೆ ಬ್ರಿಟಿಷ್ ರೇಡಾರ್ ಬಗ್ಗೆ ಬರೆದಿದ್ದ ಟಿಪ್ಪಣಿ ಸಿಕ್ಕಿತು. ಅದರ ತುಂಬ ‘ಯಾಗಿ’ ಅಂತ ಇದೆ, ಏನೆಂದು ತಿಳಿಯುತ್ತಿಲ್ಲ. ಸೆರೆಯಾಗಿದ್ದ ಬ್ರಿಟಿಷ್ ಸೈನಿಕನನ್ನೇ ಕೇಳಿದರು. ಅದು ಕಂಡುಹಿಡಿದ ಜಪಾನಿಯ ಹೆಸರು ಅಂತ ಅವನೇ ಹೇಳಬೇಕಾಯಿತು.

ಸರಿ, ಆಂಟೆನಾ ಮನೆಗೆ ಬಂತು. ಎಲ್ಲಿ ಇಡುವುದು? ಅನಲಾಗ್ ಕಾಲದಲ್ಲಿ ಇದು ಸುಲಭವಿತ್ತು. ಸಿಗ್ನಲ್ ಕಮ್ಮಿಯಾದರೆ ಪರದೆಯಲ್ಲಿ ಚುಕ್ಕಿ ಚುಕ್ಕಿ, ಗೋಡೆಗೆ ಬಡಿದು ಬಂದ ಅಲೆಯಿದ್ದರೆ ಒಬ್ಬರ ಪಕ್ಕ ಅವರದೇ ನೆರಳು. ತಪ್ಪು ಎಲ್ಲಿದೆ ಅಂತ ಚಿತ್ರವೇ ಹೇಳುತ್ತಿತ್ತು. ಡಿಜಿಟಲ್ ಹಾಗಲ್ಲ. ಕಳುಹಿಸುವಾಗಲೇ ತಪ್ಪು ತಿದ್ದಿಕೊಳ್ಳಲು ಬೇಕಾದ ಹೆಚ್ಚುವರಿ ಬಿಟ್‌ಗಳನ್ನು ಸೇರಿಸಿರುತ್ತಾರೆ. ಅವು ಸಾಕಾಗುವವರೆಗೆ ಚಿತ್ರ ಕನ್ನಡಿಯಂತೆ ಇರುತ್ತದೆ. ಸಾಕಾಗದ ಕ್ಷಣ ಚೌಕ ಚೌಕವಾಗಿ ಒಡೆಯುತ್ತದೆ, ಆಮೇಲೆ ಕಪ್ಪು ಪರದೆ. ನಡುವೆ ಎಚ್ಚರಿಕೆಯೇ ಇಲ್ಲ. ಆದ್ದರಿಂದ ಚಿತ್ರ ನೋಡಿ ಆಂಟೆನಾ ತಿರುಗಿಸಬೇಡಿ. ಟಿವಿಯ ಮೆನುವಿನಲ್ಲಿ ಎರಡು ಪಟ್ಟಿ ಇರುತ್ತವೆ, ‘ಸ್ಟ್ರೆಂತ್’ ಮತ್ತು ‘ಕ್ವಾಲಿಟಿ’. ಎರಡನೆಯದನ್ನು ನೋಡಿ. ಚೂರು ತಿರುಗಿಸಿ, ಕೈ ಬಿಟ್ಟು ದೂರ ಸರಿದು ನಿಲ್ಲಿ, ಕೆಲವು ಸೆಕೆಂಡ್ ಕಾಯಿರಿ. ಟಿವಿಗೆ ಲೆಕ್ಕ ಹಾಕಲು ಸಮಯ ಬೇಕು. ದೂರ ಸರಿಯುವುದು ಯಾಕೆಂದರೆ ಉಪ್ಪುನೀರು ತುಂಬಿದ ನಮ್ಮ ಮೈಯೂ ಕರೆಂಟ್ ಹರಿಸುತ್ತದೆ. ‘ನಾನು ಹಿಡಿದುಕೊಂಡರೆ ಬರುತ್ತೆ, ಬಿಟ್ಟರೆ ಹೋಗುತ್ತೆ’ ಅನ್ನುವುದರಲ್ಲಿ ಕೈಗುಣ ಏನೂ ಇಲ್ಲ.

ಕೋಣೆಯೊಳಗೆ ಒಂದು ಅಲೆ ನೇರ ಬರುತ್ತದೆ, ಇನ್ನೊಂದು ಗೋಡೆಗೋ ಕಬ್ಬಿಣದ ಬೀರುವಿಗೋ ಬಡಿದು ಬರುತ್ತದೆ. ಎರಡೂ ಸೇರಿ ಕೆಲವು ಜಾಗದಲ್ಲಿ ಜೋರಾಗುತ್ತವೆ, ಕೆಲವು ಕಡೆ ಒಂದನ್ನೊಂದು ತಿಂದುಹಾಕುತ್ತವೆ. 600 ಮೆಗಾಹರ್ಟ್ಸ್‌ನಲ್ಲಿ ಜೋರಿನ ಜಾಗಕ್ಕೂ ಸೊರಗಿದ ಜಾಗಕ್ಕೂ ನಡುವೆ ಬರೀ ಹನ್ನೆರಡೂವರೆ ಸೆಂಟಿಮೀಟರ್ ಇರಬಹುದು. ಅರ್ಧ ಗೇಣು! ಒಂದು ಕಡೆ ಇಟ್ಟು ‘ನಮ್ಮನೇಲಿ ಬರಲ್ಲ’ ಅಂತ ಕೈಬಿಡುವವರು ಅರ್ಧ ಗೇಣು ಸರಿಸಿ ನೋಡಿರುವುದಿಲ್ಲ. ಕಿಟಕಿ ಒಳ್ಳೇ ಜಾಗವೇ. ಆದರೆ ಬಿಸಿಲ ಶಾಖ ತಡೆಯಲು ಗಾಜಿಗೆ ತೆಳುವಾಗಿ ಲೋಹ ಲೇಪಿಸಿದ್ದರೆ ಅದು ಗೋಡೆಗಿಂತ ಕಡೆ.

ಕೊನೆಗೆ ಬೂಸ್ಟರ್. ಇದರ ಬಗ್ಗೆ ಇರುವಷ್ಟು ಮೂಢನಂಬಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಬೂಸ್ಟರ್ ಸಿಗ್ನಲ್ಲನ್ನು ದೊಡ್ಡದು ಮಾಡುತ್ತದೆ, ಜೊತೆಗಿರುವ ಗದ್ದಲವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ, ತನ್ನದೊಂದಿಷ್ಟು ಗದ್ದಲ ಸೇರಿಸುತ್ತದೆ. ಟಿವಿಗೆ ಬೇಕಿರುವುದು ಇವೆರಡರ ನಡುವಿನ ಅಂತರ. ಆಂಟೆನಾಗೆ ಸಿಗದೇ ಇದ್ದದ್ದನ್ನು ಬೂಸ್ಟರ್ ಹುಟ್ಟಿಸುವುದಿಲ್ಲ. ಅದರ ನಿಜವಾದ ಕೆಲಸ ಕೇಬಲ್ಲಿನ ನಷ್ಟ ತುಂಬುವುದು. ಟಿವಿಗೆ ಹಾಕುವ ಆರ್‌ಜಿ-6 ಅನ್ನುವ ಬಗೆಯ 30 ಮೀಟರ್ ಕೇಬಲ್ಲಿನಲ್ಲಿ 600 ಮೆಗಾಹರ್ಟ್ಸ್ ಸಿಗ್ನಲ್ಲಿನ ಶಕ್ತಿ ಮೂರರಲ್ಲಿ ಎರಡು ಪಾಲು ಕರಗಿಹೋಗುತ್ತದೆ. ಅದಕ್ಕೇ ಬೂಸ್ಟರ್ ಇರಬೇಕಾದ್ದು ಮೇಲೆ, ಆಂಟೆನಾ ಪಕ್ಕದಲ್ಲಿ. ಸಿಗ್ನಲ್ ಕರಗಿದ ಮೇಲೆ ಟಿವಿ ಹಿಂದೆ ಕೂರಿಸಿದರೆ ಅದು ಗದ್ದಲದ ಹತ್ತಿರ ಇಳಿದದ್ದನ್ನು ಹಾಗೇ ಹಿಗ್ಗಿಸುತ್ತದೆ, ಅಷ್ಟೇ. ಟವರ್ ತೀರಾ ಹತ್ತಿರ ಇದ್ದರಂತೂ ಬೂಸ್ಟರ್ ಮಿತಿ ಮೀರಿ, ಚಾನೆಲ್ಲುಗಳನ್ನು ಒಂದರೊಳಗೊಂದು ಕಲಸಿಹಾಕುತ್ತದೆ. ಅಲ್ಲಿ ಅದನ್ನು ಕಿತ್ತರೇನೇ ಚಿತ್ರ ಬರುವುದು. ಪಕ್ಕದಲ್ಲಿ ಮೊಬೈಲ್ ಟವರ್ ಇದ್ದರೂ ಇದೇ ಗೋಳು. ಅದಕ್ಕೊಂದು ಫಿಲ್ಟರ್ ಸಿಗುತ್ತದೆ, ಅದನ್ನು ಬೂಸ್ಟರಿಗಿಂತ ಮೊದಲು ಹಾಕಬೇಕು, ನಂತರ ಅಲ್ಲ.