ಬಿಪಿ ನೋಟ್ಸ್: ಡಾಕ್ಟ್ರ ಮುಂದೆ ಕೂತಾಗ ಏನು ಹೇಳ್ಬೇಕು, ಏನು ಕೇಳ್ಬೇಕು

ಬಿಪಿ ಪಾಠದಲ್ಲಿ ನಂಬರ್ ಎಲ್ಲಾ ಬಾಯಿಪಾಠ ಮಾಡ್ಕೊಂಡ್ವಿ, ಸರಿ, ಆದ್ರೆ ಪೇಶೆಂಟು ಡಾಕ್ಟ್ರ ಹತ್ರ ಏನು ಮಾತಾಡ್ಬೇಕು ಅನ್ನೋದು ಒಂದೇ ಸಾಲಲ್ಲಿ ಮುಗ್ದೋಗಿರುತ್ತೆ. ಅದನ್ನೇ ಬಿಡಿಸಿ ಬರೀತಿದೀನಿ.

ಬಿಪಿ ರೀಡಿಂಗ್‌ನಲ್ಲಿ ಮೇಲಿನ ನಂಬರ್ ಹೃದಯ ಹಿಂಡಿ ರಕ್ತ ತಳ್ಳುವಾಗಿನ ಒತ್ತಡ, ಕೆಳಗಿಂದು ಅದು ಸಡಿಲ ಆದಾಗಿಂದು. ಬೇರೆ ಬೇರೆ ದಿನ ಅಳೆದಾಗ್ಲೂ 140/90 ಅಥವಾ ಅದಕ್ಕಿಂತ ಮೇಲೆ ಬಂದ್ರೆ ಹೈ ಬಿಪಿ. ಅಮೆರಿಕದ ಗೈಡ್‌ಲೈನ್ 2017ರಲ್ಲಿ ಈ ಗೆರೆನ 130/80ಕ್ಕೆ ಇಳಿಸ್ತು, ಹಾಗಾಗಿ ಎರಡು ಕಡೆ ಎರಡು ನಂಬರ್ ಕಂಡ್ರೆ ತಲೆ ಕೆಡಿಸ್ಕೋಬೇಡಿ. "ನನಗೆ ಎಷ್ಟಿರ್ಬೇಕು ಡಾಕ್ಟ್ರೇ?" ಅಂತ ನೇರವಾಗಿ ಕೇಳೋದೇ ಒಳ್ಳೇದು, ವಯಸ್ಸು, ಶುಗರ್, ಕಿಡ್ನಿ ಎಲ್ಲಾ ನೋಡಿ ಗುರಿ ಹೇಳ್ತಾರೆ.

ಕೆಲವ್ರಿಗೆ ಕ್ಲಿನಿಕ್ ನೋಡಿದ್ರೇನೇ ಬಿಪಿ ಏರುತ್ತೆ, ಅದಕ್ಕೇ ಮನೇಲಿ ಅಳೆದು ಬರ್ಕೊಂಡು ಹೋಗ್ಬೇಕು. ಐದು ನಿಮಿಷ ಸುಮ್ನೆ ಕೂತು, ಬೆನ್ನು ಒರಗಿಸಿ, ಪಾದ ನೆಲಕ್ಕಿಟ್ಟು, ತೋಳು ಎದೆ ಮಟ್ಟಕ್ಕಿಟ್ಟು, ಮಾತಾಡ್ದೆ, ಬೆಳಿಗ್ಗೆ ಎರಡು ಸಲ ಸಂಜೆ ಎರಡು ಸಲ. ತೋಳಿಗೆ ಸುತ್ತೋ ಪಟ್ಟಿ ಚಿಕ್ಕದಾದ್ರೆ ರೀಡಿಂಗ್ ಸುಳ್ಳೇ ಜಾಸ್ತಿ ತೋರ್ಸುತ್ತೆ. ಮನೆ ಲೆಕ್ಕದಲ್ಲಿ 135/85 ಅಂದ್ರೆ ಕ್ಲಿನಿಕ್‌ನ 140/90ಕ್ಕೆ ಹೆಚ್ಚುಕಮ್ಮಿ ಸಮ.

ಈಗ ನನ್ ಪ್ರಕಾರ ಅಸಲಿ ವಿಷ್ಯ. ರೀಡಿಂಗ್ 156/94 ಬಂತು ಅಂದ್ಕೊಳ್ಳಿ. ಡಾಕ್ಟ್ರು "ಮಾತ್ರೆ ದಿನಾ ತಗೋತಿದೀರಾ?" ಅಂತಾರೆ, ಪೇಶೆಂಟು ನಾಚಿಕೆಗೆ "ಹೂಂ ಸಾರ್" ಅಂದ್ಬಿಡ್ತಾರೆ, ವಾರದಲ್ಲಿ ಮೂರು ದಿನ ಮರೆತಿರೋದು ಹೇಳಲ್ಲ. ಡಾಕ್ಟ್ರಿಗೆ ಏನು ಗೊತ್ತಾಗುತ್ತೆ, ಔಷಧಿ ಸಾಲ್ತಿಲ್ಲ ಅಂತ ಡೋಸ್ ಏರಿಸ್ತಾರೆ, ಇವ್ರು ಹೆದರಿ ಆ ವಾರ ಎಲ್ಲಾ ಸರಿಯಾಗಿ ನುಂಗ್ತಾರೆ, ಬಿಪಿ ತೀರಾ ಇಳಿದು ಎದ್ದು ನಿಂತ ತಕ್ಷಣ ಕಣ್ಣು ಕತ್ತಲೆ. ತಪ್ಪು ಮಾತ್ರೆದಲ್ಲ, ಆ "ಹೂಂ"ದು.

ಮಾತ್ರೆ ತಪ್ಪೋದಕ್ಕೆ ಮರೆಯೋದು ಬಿಟ್ರೆ ಇನ್ನೊಂದು ಕಾರಣ ಸೈಡ್ ಎಫೆಕ್ಟ್. ಆಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆಗೆ ಕಾಲು ಊದ್ಬಹುದು, ರಾಮಿಪ್ರಿಲ್, ಎನಾಲಾಪ್ರಿಲ್ ಥರದ್ದಕ್ಕೆ ಒಣ ಕೆಮ್ಮು ಬರ್ಬಹುದು, ಅದು ಮಾತ್ರೆಯಿಂದ ಅಂತ ಹೊಳೆಯೋದೂ ಇಲ್ಲ, ಕೆಮ್ಮಿನ ಸಿರಪ್ ಕುಡೀತಾ ಕೂತಿರ್ತಾರೆ. ಸುಮ್ನೆ ನಿಲ್ಲಿಸ್ಬಾರ್ದು, ಹೇಳಿದ್ರೆ ಬದಲಾಯಿಸ್ತಾರೆ, ಕೆಮ್ಮಿದ್ರೆ ಸಾಮಾನ್ಯವಾಗಿ ಟೆಲ್ಮಿಸಾರ್ಟಾನ್ ಥರದ್ದು ಕೊಡ್ತಾರೆ.

ಬೇರೆ ಏನೇನು ನುಂಗ್ತೀರೋ ಅದನ್ನೂ ಹೇಳಿ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ, ಮೂಗು ಕಟ್ಟಿದ್ದಕ್ಕೆ ತಗೊಳೋ ಕೆಲವು ಶೀತದ ಮಾತ್ರೆ, ಸ್ಟೀರಾಯ್ಡ್, ಗರ್ಭನಿರೋಧಕ ಮಾತ್ರೆ, ಇವೆಲ್ಲಾ ಬಿಪಿ ಏರಿಸ್ಬಹುದು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅದು ಎಲ್ರಿಗೂ ಗೊತ್ತು, ಮುಂದೆ ಹೋಗೋಣ.

180/120 ದಾಟಿ ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲೋದು, ಒಂದು ಕಡೆ ಕೈಕಾಲು ಸೋಲೋದು ಇದ್ರೆ ಅಪಾಯಿಂಟ್‌ಮೆಂಟ್ ಕಾಯೋ ಮಾತೇ ಇಲ್ಲ, ಸೀದಾ ಎಮರ್ಜೆನ್ಸಿ.

ಒಂದು ಬಿಟ್ಟೋಗಿತ್ತು: ಮಗು ಪ್ಲಾನ್ ಮಾಡ್ತಿರೋ ಹೆಂಗಸ್ರು ಅದನ್ನ ಮೊದ್ಲೇ ಹೇಳ್ಬೇಕು, ಪ್ರಿಲ್, ಸಾರ್ಟಾನ್ ಅಂತ ಮುಗಿಯೋ ಮಾತ್ರೆಗಳು ಬಸುರಲ್ಲಿ ಆಗಲ್ಲ.